ಹೈಫಾದ ಒಂದು ಹಗಲು

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಗುಡಿಯ ಗೋಡೆಯ ಮೇಲೆ, ರವಿಕೀರ್ತಿಯ ಶಾಸನವಿದೆ. ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿ ದಿಕ್ಕುದಿಕ್ಕಿಗೆ ನಡೆದು ಗೆದ್ದ ಯುದ್ಧಗಳನ್ನೆಲ್ಲ ಕವಿ ಒಂದೇ ಕಲ್ಲಿನಲ್ಲಿ ಅಡಕಗೊಳಿಸಿದ್ದಾನೆ. ಅಲ್ಲಿಂದ ಕೆಲವೇ ಹರದಾರಿಯ ಬಾದಾಮಿಯಲ್ಲಿ, ಅದೇ ಚಾಲುಕ್ಯರ ರಾಜಧಾನಿಯನ್ನು ಹಿಡಿದ ಪಲ್ಲವ ನರಸಿಂಹವರ್ಮನ ಶಾಸನ ಬಂಡೆಯ ಮೇಲಿದೆ. ಗೆಲುವು ಸೋಲುಗಳೆರಡನ್ನೂ ಕಲ್ಲಿನಲ್ಲಿ ಓದಬಲ್ಲ ಈ ನಾಡಿನವರಿಗೆ ಅದಕ್ಕಿಂತ ದೊಡ್ಡದೊಂದು ಯುದ್ಧದ ಒಂದು ದಿನದ ಲೆಕ್ಕವನ್ನು ಒಪ್ಪಿಸುವುದು ಅಪ್ರಸ್ತುತವಾಗಲಾರದು. ಆ ದಿನ 1918ರ ಸೆಪ್ಟೆಂಬರ್ 23, ಸೋಮವಾರ.

ಮೊದಲನೆಯ ಮಹಾಯುದ್ಧ ಆಗ ಐದನೆಯ ವರ್ಷಕ್ಕೆ ಕಾಲಿಟ್ಟಿತ್ತು. ಫ್ರಾನ್ಸಿನಲ್ಲಿ ಅಮೆರಿಕದ ಸೈನ್ಯ ಮೂರು ದಿನಗಳ ಅನಂತರದ ಮಹಾದಾಳಿಗೆ ಅಣಿಯಾಗುತ್ತಿತ್ತು. ಮ್ಯಾಸಿಡೋನಿಯದಲ್ಲಿ ಫ್ರೆಂಚ್ ಅಶ್ವದಳ ಪ್ರಿಲೆಪ್ ಪಟ್ಟಣವನ್ನು ಹೊಕ್ಕಿತು. ಆರು ದಿನಗಳಲ್ಲಿ ಬಲ್ಗೇರಿಯ ಕದನವಿರಾಮಕ್ಕೆ ಸಹಿ ಹಾಕಿತು. ಜೋರ್ಡಾನ್ ನದಿಯ ಆಚೆ ನ್ಯೂಜಿಲೆಂಡಿನ ಸವಾರರು ಎಸ್ ಸಾಲ್ಟನ್ನು ಹಿಡಿದರು. ಪ್ಯಾಲೆಸ್ಟೈನಿನ ಕಡಲತಡಿಯಲ್ಲಿ ಆಕ್ರೆ ಬಿದ್ದಿತು. ಇತಿಹಾಸದ ಪುಸ್ತಕಗಳಲ್ಲಿ ಇವೆಲ್ಲ ಒಂದೊಂದು ಸಾಲಿಗೆ ಸಲ್ಲುವ ಸಂಗತಿಗಳು. ಕನ್ನಡಿಗರು ತುಸು ನಿಂತು ನೋಡಬೇಕಾದದ್ದು ಆಕ್ರೆಯ ನೆರೆಯ ಹೈಫಾ.

ಹೈಫಾ ರೇವುಪಟ್ಟಣ. ಉತ್ತರಕ್ಕೆ ನುಗ್ಗುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಧಾನ್ಯ, ಮದ್ದುಗುಂಡು ಇಳಿಸಲು ಆ ಬಂದರು ಬೇಕಾಗಿತ್ತು. ತುರ್ಕರು ಊರು ತೊರೆದು ಹೋದರೆಂದು ವಿಮಾನಗಳವರು ವರದಿ ತಂದರು. ಅದನ್ನು ನಂಬಿ 22ರಂದು ಮೋಟಾರು ಬಂಡಿಗಳಲ್ಲಿ ಹೊರಟವರು ಫಿರಂಗಿಯ ಏಟು ತಿಂದು ಹಿಂದಿರುಗಿದರು. ಆಕಾಶದಿಂದ ಕಂಡದ್ದೆಲ್ಲ ನಿಜವಲ್ಲವೆಂಬ ಪಾಠ ಅಂದಿಗೆ ಹೊಸದು.

ಮರುದಿನ ಬೆಳಗಿನ ಜಾವ ಅಫೂಲೆಯಿಂದ ಹದಿನೈದನೆಯ ಅಶ್ವದಳ ಹೊರಟಿತು. ಅದರಲ್ಲಿದ್ದವರು ದೇಶೀಯ ಸಂಸ್ಥಾನಗಳ ಸವಾರರು: ಜೋಧಪುರದವರು ಮತ್ತು ಮೈಸೂರು ಲ್ಯಾನ್ಸರ್ಸ್. ಮೈಸೂರಿನ ದಳ 1914ರಲ್ಲಿಯೇ ಬೆಂಗಳೂರನ್ನು ಬಿಟ್ಟಿತ್ತು. ಸೂಯೆಜ್ ಕಾಲುವೆಯ ಕಾವಲು, ಸೈನಾಯಿಯ ಮರಳು, ಅಲ್ಲಿಂದ ಇಲ್ಲಿಗೆ. ಕೈಯಲ್ಲಿ ಈಟಿ, ಸೊಂಟದಲ್ಲಿ ಕತ್ತಿ. ಎದುರಿಗೆ ಜರ್ಮನರು ಕಲಿಸಿಕೊಟ್ಟ ತುರ್ಕರ ಯಂತ್ರಬಂದೂಕು.

ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಷೋನ್ ನದಿ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ನೆತ್ತಿಯಿಂದ ಗುಂಡು ಬೀಳುತ್ತಿತ್ತು. ನದಿಯ ದಡವೋ ಕಾಲಿಟ್ಟರೆ ಕುದುರೆಯನ್ನೇ ನುಂಗುವ ಹುದುಲು. ನೆತ್ತಿಯ ಫಿರಂಗಿಗಳನ್ನು ಮೊದಲು ಸುಮ್ಮನಾಗಿಸದ ಹೊರತು ಕೆಳಗಿನವರಿಗೆ ಉಳಿಗಾಲವಿರಲಿಲ್ಲ. ಆ ಹೊಣೆ ಮೈಸೂರಿನ ಒಂದು ತುಕಡಿಯ ಪಾಲಿಗೆ ಬಂದಿತು. ಮೇಕೆಯ ಜಾಡಿನಂಥ ಕಡಿದಾದ ಹಾದಿಯಲ್ಲಿ ಅವರು ಕುದುರೆಗಳನ್ನು ಹತ್ತಿಸಿದರು. ತುದಿ ಮುಟ್ಟುವ ಹೊತ್ತಿಗೆ ದಾಳಿಗೆ ಒದಗಿದವರು ಕೆಲವೇ ಸವಾರರು. ಆದರೂ ಅವರು ಏರಿಹೋಗಿ ಫಿರಂಗಿಯನ್ನು ಹಿಡಿದರು. ಸುಮಾರು ಎರಡು ಗಂಟೆಗೆ ಕೆಳಗಿನಿಂದ ಜೋಧಪುರದವರು ನಾಗಾಲೋಟದಲ್ಲಿ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಗುಂಡೇಟಿನಿಂದ ಮಡಿದರು. ಬೆನ್ನಿಗೇ ಮೈಸೂರಿನ ಉಳಿದ ಸವಾರರು ಊರನ್ನು ಹೊಕ್ಕರು. ಬೀದಿಗಳಲ್ಲಿ ಈಟಿಯ ಯುದ್ಧ ನಡೆಯಿತು. ಸಂಜೆಗೆ ಹೈಫಾ ಕೈವಶವಾಗಿತ್ತು.

ಸೆರೆ ಸಿಕ್ಕವರು 1,350 ಮಂದಿ, ಫಿರಂಗಿಗಳು 17, ಯಂತ್ರಬಂದೂಕುಗಳು 11. ಗೆದ್ದವರ ಕಡೆ ಸತ್ತವರು ಎಂಟು, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು, 83 ಗಾಯಗೊಂಡವು. ವರದಿಯಲ್ಲಿ ಕುದುರೆಗಳ ಲೆಕ್ಕವನ್ನೂ ಬರೆದಿಟ್ಟವನಿಗೆ ಒಂದು ನಮಸ್ಕಾರ ಸಲ್ಲಬೇಕು. ಏಟು ಬಿದ್ದುದು ಹೆಚ್ಚಾಗಿ ಅವುಗಳಿಗೇ.

ಇದು ಮೈಸೂರಿನ ಕಥೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಗೆ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅಂದು ಈ ಊರುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯವು. ಮೈಸೂರು ಬೇರೆ ರಾಜ್ಯ. ಆದರೆ ಯುದ್ಧಕ್ಕೆ ಗಡಿಯೆಲ್ಲಿ? ನೂಲಿಗೆ ಹಾಕುವ ಕೃತಕ ಬಣ್ಣಗಳ ಬಹುಪಾಲು ಜರ್ಮನಿಯಿಂದ ಬರುತ್ತಿತ್ತು. 1914ರಲ್ಲಿ ಆ ಹಡಗುಗಳು ನಿಂತೊಡನೆ ದೇಶದ ಪೇಟೆಗಳಲ್ಲೆಲ್ಲ ಬಣ್ಣಕ್ಕೆ ಬರ ಬಂದಿತು. ನೂಲಿಗೆ ಬಣ್ಣ ಕಟ್ಟಿ ಸೀರೆ ನೇಯ್ದೇ ಬದುಕುವ ಇಳಕಲ್ಲಿನ ಮಗ್ಗಗಳನ್ನು ಆ ಬರ ಮುಟ್ಟದೆ ಬಿಟ್ಟೀತೇ?

ಅದಕ್ಕಿಂತ ಘೋರವಾದದ್ದು ಮತ್ತೊಂದು. 1918ರ ಜೂನಿನಲ್ಲಿ ಮುಂಬಯಿ ಬಂದರಿನಲ್ಲಿ ಮೊದಲು ಕಾಣಿಸಿಕೊಂಡ ಜ್ವರ ಯುದ್ಧದ ಹಡಗುಗಳೊಂದಿಗೆ ಬಂದದ್ದೆಂಬುದು ಅಂದಿನಿಂದಲೂ ಇರುವ ಮಾತು. ಆ ವರ್ಷ ಮಳೆಯೂ ಕೈಕೊಟ್ಟಿತು. ಕಾಳು ತುಟ್ಟಿಯಾಯಿತು, ಬಟ್ಟೆಯ ಬೆಲೆಯನ್ನು ಹಿಡಿಯಲು ಸರಕಾರ ಕಾಯಿದೆಯನ್ನೇ ಮಾಡಬೇಕಾಯಿತು. ಅರೆಹೊಟ್ಟೆಯ ಜನರ ಮೇಲೆ, ಹೈಫಾ ಬಿದ್ದ ಅದೇ ಸೆಪ್ಟೆಂಬರಿನಲ್ಲಿ, ಜ್ವರದ ಎರಡನೆಯ ಅಲೆ ಎದ್ದಿತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರದಲ್ಲಿ 768 ಜನ ಸತ್ತರು. ರೈಲು ಹೋದೆಡೆಗೆಲ್ಲ ರೋಗವೂ ಹೋಯಿತು. ಬಾಗಲಕೋಟೆ, ಬಾದಾಮಿಗಳು ಹೋಟಗಿ–ಗದಗ ಹಳಿಯ ಮೇಲಿನ ಊರುಗಳು. ಹುನಗುಂದ, ಇಳಕಲ್ಲುಗಳಿಗೆ ರೈಲಿರಲಿಲ್ಲ. ಸಂತೆಯ ಚಕ್ಕಡಿಯ ದಾರಿಯಂತೂ ಇತ್ತು.

ಬೇರೆ ಜ್ವರಗಳು ಮುದುಕರನ್ನೂ ಮಕ್ಕಳನ್ನೂ ಒಯ್ಯುತ್ತವೆ. ಇದು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು ಆರಿಸಿಕೊಂಡಿತು. ಅವರಲ್ಲಿಯೂ ಹೆಂಗಸರನ್ನು ಹೆಚ್ಚಾಗಿ. ರೋಗಿಯ ಆರೈಕೆಗೆ ನಿಂತವಳೇ ಮೂರನೆಯ ದಿನ ಚಾಪೆ ಹಿಡಿಯುತ್ತಿದ್ದಳು. ನಾಲ್ಕು ವರ್ಷಗಳ ಯುದ್ಧದಲ್ಲಿ ಎಲ್ಲ ರಣರಂಗಗಳಲ್ಲಿಯೂ ಮಡಿದ ಭಾರತೀಯ ಸೈನಿಕರು ಸುಮಾರು 74,000. ಮುಂಬಯಿ ಪ್ರಾಂತವೊಂದರಲ್ಲಿಯೇ ಕೆಲವೇ ತಿಂಗಳಲ್ಲಿ ಈ ಜ್ವರಕ್ಕೆ ತುತ್ತಾದವರು ಹತ್ತು ಲಕ್ಷಕ್ಕೂ ಮೇಲು.

ಹೈಫಾದ ಸವಾರರಿಗೆ ದೆಹಲಿಯಲ್ಲಿ ಮೂರು ಪ್ರತಿಮೆಗಳಿವೆ. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ಹೆಸರಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಮಡಿದವರ ಹೆಸರುಗಳನ್ನು ಕೆತ್ತಿದ ಸ್ತಂಭವಿದೆ. ಹಳೆಯ ಬಾಗಲಕೋಟೆಯಲ್ಲಿ ಘಟಪ್ರಭೆಯ ಕಡೆಗಿದ್ದ ಓಣಿಗಳು ಮಾತ್ರ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಸೇರಿಹೋಗಿವೆ.