ಚಂದ್ರನ ಮಂತ್ರ ಯಾರಿಗೆ ಹೇಳುವುದು?

ವಾರ್ಷಿಕ ಪರೀಕ್ಷೆ ಹತ್ತಿರ ಬಂದಂತೆ ನವಗ್ರಹ ಗುಡಿಗಳಲ್ಲಿ ವಿದ್ಯಾರ್ಥಿಗಳ ಸಾಲು ಉದ್ದವಾಗುತ್ತದೆ. ‘ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ರಾತ್ರಿ ನಿದ್ದೆ ಇಲ್ಲ’ ಎಂದು ತಾಯಿ ಹೇಳುತ್ತಾರೆ. ಜಾತಕ ನೋಡಿದವರು ‘ಚಂದ್ರ ದುರ್ಬಲನಾಗಿದ್ದಾನೆ’ ಎನ್ನುತ್ತಾರೆ. ಒಂದು ಚೀಟಿಯಲ್ಲಿ ಮಂತ್ರ ಬರೆದುಕೊಡುತ್ತಾರೆ. ಸೋಮವಾರದಿಂದ ಆರಂಭಿಸಿ ದಿನಕ್ಕೆ 108 ಸಲ. ಹುಡುಗ ಅದನ್ನು ರಸಾಯನಶಾಸ್ತ್ರದ ಸಮೀಕರಣದಂತೆ ಉರುಹೊಡೆಯುತ್ತಾನೆ. ತಾನು ಹೇಳುತ್ತಿರುವುದು ಏನು, ಯಾರಿಗೆ ಎಂದು ಅವನು ಕೇಳುವುದಿಲ್ಲ, ಮನೆಯವರು ಹೇಳುವುದೂ ಇಲ್ಲ. ಅರ್ಥವಾಗದೆ ಬರೆದ ಸಮೀಕರಣಕ್ಕೆ ಪರೀಕ್ಷೆಯಲ್ಲಿ ಹೇಗೋ ಅರ್ಧ ಅಂಕ ಸಿಗಬಹುದು. ಮಂತ್ರದಲ್ಲಿ ಆ ಅನುಕೂಲವೂ ಇಲ್ಲ.

ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ‘ಓಂ ಸೋಮಾಯ ನಮಃ’ ಅಥವಾ ‘ಓಂ ಚಂದ್ರಾಯ ನಮಃ’ ಎಂಬ ನಾಮಮಂತ್ರ. ಕೆಲವರು ಇದಕ್ಕೆ ಬೀಜಾಕ್ಷರಗಳನ್ನು ಸೇರಿಸುತ್ತಾರೆ. ಬೀಜಾಕ್ಷರಗಳಿಗೆ ನಿಘಂಟಿನ ಅರ್ಥ ಹುಡುಕಿ ಫಲವಿಲ್ಲ, ಅವು ನಾದರೂಪವಾದವು. ಉಳಿದ ಪದಗಳಿಗೆ ಮಾತ್ರ ನೇರವಾದ ಅರ್ಥವಿದೆ. ‘ಚಂದ್ರ’ ಎಂಬ ಪದ ಬಂದಿರುವ ಧಾತುವಿಗೆ ಹೊಳೆಯುವುದು, ಸಂತೋಷಗೊಳಿಸುವುದು ಎಂಬ ಎರಡು ಅರ್ಥಗಳಿವೆ. ‘ಸೋಮ’ ಇನ್ನೂ ಹಳೆಯ ಪದ. ಋಗ್ವೇದದ ಒಂಬತ್ತನೆಯ ಮಂಡಲದ 114 ಸೂಕ್ತಗಳೂ ಸೋಮನನ್ನು ಕುರಿತವು. ಅಲ್ಲಿ ಸೋಮವೆಂದರೆ ಮುಖ್ಯವಾಗಿ ಒಂದು ಸಸ್ಯವನ್ನು ಹಿಂಡಿ ತೆಗೆದ ರಸ. ಅದೇ ಹೆಸರು ಮುಂದೆ ಚಂದ್ರನಿಗೆ ನಿಂತಿತು. ಬೆಳದಿಂಗಳನ್ನು ಅಮೃತವೆಂದು ಕರೆಯುವ ರೂಢಿಯ ಹಿಂದೆ ಈ ನಂಟಿದೆ.

ಇನ್ನು ‘ನಮಃ’. ಅಂಕಕ್ಕಾಗಿಯೇ ಸಂಸ್ಕೃತ ತೆಗೆದುಕೊಂಡವರಿಗೂ ಗೊತ್ತು, ಇದರ ಜೊತೆಗೆ ಚತುರ್ಥೀ ವಿಭಕ್ತಿ ಬರಬೇಕೆಂದು. ವ್ಯಾಕರಣದ ಪ್ರಕಾರ ಇದು ಬಾಗುವುದು ಎಂಬ ಅರ್ಥದ ‘ನಮ್’ ಧಾತುವಿನಿಂದ ಬಂದದ್ದು. ಆದರೆ ಸಂಪ್ರದಾಯದವರು ಇದನ್ನು ‘ನ ಮಮ’ ಎಂದು ಬಿಡಿಸಿಯೂ ಅರ್ಥ ಹೇಳುತ್ತಾರೆ. ಎಂದರೆ, ‘ನನ್ನದಲ್ಲ’. ವೈಯಾಕರಣಿಗಳು ಇದನ್ನು ಒಪ್ಪಲಿಕ್ಕಿಲ್ಲ. ಆದರೂ ಚಂದ್ರನ ಮಟ್ಟಿಗೆ ಈ ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಅದನ್ನು ಸುಲಭವಾಗಿ ಬಿಟ್ಟುಕೊಡಲು ಮನಸ್ಸು ಬಾರದು. ಏಕೆಂದರೆ ಚಂದ್ರನ ಬೆಳಕು ಚಂದ್ರನದಲ್ಲ. ಕ್ರಿಸ್ತಪೂರ್ವ ಕಾಲದ ಯಾಸ್ಕಮುನಿಯ ನಿರುಕ್ತದಲ್ಲೇ ಚಂದ್ರನಿಗೆ ಪ್ರಕಾಶ ಬರುವುದು ಸೂರ್ಯನಿಂದ ಎಂಬ ಮಾತಿದೆ. ಕ್ರಿ.ಶ. 499ರ ಸುಮಾರಿನಲ್ಲಿ ಆರ್ಯಭಟ ಗ್ರಹಣವನ್ನು ನೆರಳಿನಿಂದ ವಿವರಿಸಿದಾಗ ಅದಕ್ಕೆ ಗಣಿತದ ಆಧಾರ ದೊರೆಯಿತು.

ನವಗ್ರಹ ಸ್ತೋತ್ರದ ಚಂದ್ರಶ್ಲೋಕವನ್ನು ಬಹಳ ಮನೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಅದರಲ್ಲಿ ಚಂದ್ರನ ಬಿಳುಪಿಗೆ ಮೊಸರು, ಶಂಖ, ಹಿಮ ಈ ಮೂರರ ಹೋಲಿಕೆ ಇದೆ. ಆತ ಕ್ಷೀರಸಾಗರದಲ್ಲಿ ಹುಟ್ಟಿದವನು, ಶಿವನ ಕಿರೀಟಕ್ಕೆ ಒಡವೆಯಾದವನು ಎಂಬ ವರ್ಣನೆ ಇದೆ. ವಿಜ್ಞಾನ ಓದುವ ಹುಡುಗಿಯೊಬ್ಬಳು ಇಲ್ಲಿ ತಕರಾರು ಎತ್ತಿದರೆ ಅವಳನ್ನು ಗದರಿಸಬಾರದು. ಚಂದ್ರನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಭಾಗವನ್ನಷ್ಟೇ ಹಿಂದಿರುಗಿಸುತ್ತದೆ. ಅದು ಹಳೆಯ ಡಾಂಬರು ರಸ್ತೆಯ ಬಣ್ಣ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ತಂದ ಮಣ್ಣು ಮೊಸರಿನಂತಿರಲಿಲ್ಲ, ಇದ್ದಿಲಿನ ಪುಡಿಯ ಹಾಗೆ ಕಪ್ಪಗಿತ್ತು. ಸುತ್ತಲಿನ ಆಕಾಶ ಅದಕ್ಕಿಂತ ಕಪ್ಪಾದ್ದರಿಂದ, ಸೂರ್ಯ ಅಷ್ಟು ಪ್ರಖರನಾದ್ದರಿಂದ ನಮಗೆ ಅದು ಬೆಳ್ಳಗೆ ಕಾಣುತ್ತದೆ. ಶ್ಲೋಕ ಹೇಳಿದ್ದು ಕಂಡದ್ದನ್ನು, ನೆಲದ ಪರೀಕ್ಷೆಯನ್ನಲ್ಲ. ಹಾಗೆಯೇ, ಚಂದ್ರಯಾನ-1ರ ಉಪಕರಣದಿಂದ 2009ರಲ್ಲಿ ಚಂದ್ರನ ಮೇಲೆ ನೀರಿನ ಗುರುತು ಸಿಕ್ಕಿದ್ದನ್ನು ಹಿಡಿದುಕೊಂಡು ‘ಹಿಮ ಎಂದು ನಮ್ಮವರು ಆಗಲೇ ಹೇಳಿದ್ದರು’ ಎಂದು ಭಾಷಣ ಮಾಡುವುದೂ ಬೇಡ. ಅದರಿಂದ ಶ್ಲೋಕದ ಗೌರವ ಹೆಚ್ಚುವುದಿಲ್ಲ, ವಿಜ್ಞಾನದ ಗೌರವ ಕಡಿಮೆಯಾಗುತ್ತದೆ.

ಹುಟ್ಟಿನ ವಿಷಯದಲ್ಲೂ ಅಷ್ಟೆ. ಚಂದ್ರ ಕ್ಷೀರಸಾಗರದಿಂದ ಬಂದನೆಂದು ಒಂದು ಕಡೆ, ಅತ್ರಿ ಮಹರ್ಷಿಯ ಕಣ್ಣಿನಿಂದ ಬಂದನೆಂದು ಇನ್ನೊಂದು ಕಡೆ. ಪುರುಷಸೂಕ್ತದಲ್ಲಿ ಸೂರ್ಯ ವಿರಾಟ್ ಪುರುಷನ ಕಣ್ಣಿನಿಂದ ಹುಟ್ಟಿದರೆ ಚಂದ್ರ ಆತನ ಮನಸ್ಸಿನಿಂದ ಹುಟ್ಟುತ್ತಾನೆ. ಮೂರನ್ನೂ ಒಂದೇ ಪರಂಪರೆ ಇಟ್ಟುಕೊಂಡಿದೆ, ಜಗಳವಾಡಿಲ್ಲ. ಅವು ಚರಿತ್ರೆಯ ವರದಿಗಳಾಗಿದ್ದರೆ ಹೀಗೆ ಒಟ್ಟಿಗೆ ಬಾಳುತ್ತಿರಲಿಲ್ಲ.

ಶ್ಲೋಕದ ಕೊನೆಯ ಮಾತು, ಶಿವನ ಕಿರೀಟದ ಒಡವೆ ಎಂಬುದು, ಸ್ವಲ್ಪ ನಿಂತು ನೋಡಬೇಕಾದದ್ದು. ಚಂದ್ರನಿಗೆ ದಕ್ಷನ 27 ಮಕ್ಕಳು ಹೆಂಡತಿಯರು. ಅವರಲ್ಲಿ ರೋಹಿಣಿಯೊಬ್ಬಳ ಮೇಲೆ ಹೆಚ್ಚು ಪ್ರೀತಿ. ಉಳಿದವರ ದೂರು ಕೇಳಿ ದಕ್ಷ ಶಾಪ ಕೊಟ್ಟ, ಚಂದ್ರ ಸವೆಯುತ್ತಾ ಹೋದ. ಆಯುರ್ವೇದದಲ್ಲಿ ಕ್ಷಯರೋಗಕ್ಕೆ ರಾಜಯಕ್ಷ್ಮ ಎಂಬ ಹೆಸರು ಬಂದದ್ದು ಈ ಕಥೆಯಿಂದಲೇ, ರಾಜನೆಂದರೆ ಸೋಮರಾಜ. ಕೊನೆಗೆ ಪ್ರಭಾಸ ಕ್ಷೇತ್ರದಲ್ಲಿ ಶಿವನನ್ನು ಮೊರೆಹೊಕ್ಕು, ಹದಿನೈದು ದಿನ ಕ್ಷಯ, ಹದಿನೈದು ದಿನ ವೃದ್ಧಿ ಎಂಬ ರಾಜಿಯಾಯಿತು. ಗುಜರಾತಿನ ಸೋಮನಾಥ ಇರುವುದು ಅಲ್ಲಿಯೇ. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ಸುಮಾರು 27.3 ದಿನ ಬೇಕು, ಆದ್ದರಿಂದ ದಿನಕ್ಕೊಂದು ಮನೆಯಂತೆ 27 ನಕ್ಷತ್ರ. ಗಣಿತದ ಪ್ರಕಾರ ಆತ ಅಂಥ ಪಕ್ಷಪಾತಿಯೇನಲ್ಲ. ಆದರೆ ಆಕಾಶದಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ಚಂದ್ರನ ದಾರಿಗೆ ಎಷ್ಟು ಹತ್ತಿರವೆಂದರೆ, ಕೆಲವು ವರ್ಷಗಳಲ್ಲಿ ಆತ ತಿಂಗಳು ತಿಂಗಳೂ ಆಕೆಯನ್ನು ಮರೆಮಾಡುತ್ತಾನೆ. 2015ರಿಂದ 2018ರವರೆಗೆ ಹಾಗಾಗಿತ್ತು. ಕಥೆ ಕಟ್ಟಿದವರು ಆಕಾಶ ನೋಡಿಯೇ ಕಟ್ಟಿದರೇನೋ.

ಗಮನಿಸಬೇಕಾದದ್ದು, ಶಿವ ತಲೆಯ ಮೇಲೆ ಧರಿಸಿದ್ದು ಹುಣ್ಣಿಮೆಯ ಚಂದ್ರನನ್ನಲ್ಲ. ಸವೆದು ಸವೆದು ಒಂದು ಕಲೆ ಮಾತ್ರ ಉಳಿದವನನ್ನು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅಂಕ ಇಳಿದು, ಊಟದ ಹೊತ್ತಿಗೂ ತಲೆ ಎತ್ತದೆ ಕೂತ ಮಗುವಿರುವ ಮನೆಯಲ್ಲಿ ಈ ಅರ್ಥವನ್ನು ತಂದೆತಾಯಿಗಳು ಮೊದಲು ತಾವು ಓದಿಕೊಳ್ಳಬೇಕು. ಮಂತ್ರವನ್ನು ಮಗನಿಂದ ಹೇಳಿಸಿ, ಪಕ್ಕದ ಮನೆಯ ಹುಡುಗನ ಅಂಕಪಟ್ಟಿಯನ್ನು ತಾವು ಹೇಳುತ್ತಾ ಕೂತರೆ ಯಾವ ಶಾಂತಿಯೂ ಆಗದು.

ಚಂದ್ರನಿಗೂ ಮನಸ್ಸಿಗೂ ನಂಟಿದೆ ಎಂಬುದಕ್ಕೆ ಈಗ ಒಂದು ‘ವೈಜ್ಞಾನಿಕ’ ಕಾರಣ ಪ್ರಚಾರದಲ್ಲಿದೆ: ಚಂದ್ರ ಸಮುದ್ರವನ್ನು ಎಳೆಯುತ್ತಾನೆ, ನಮ್ಮ ದೇಹದಲ್ಲೂ ಹೆಚ್ಚು ಪಾಲು ನೀರೇ, ಆದ್ದರಿಂದ ನಮ್ಮನ್ನೂ ಎಳೆಯುತ್ತಾನೆ ಎಂದು. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಸಮುದ್ರದ ಉಬ್ಬರವಿಳಿತ ಆಗುವುದು ಚಂದ್ರನ ಸೆಳೆತ ಭೂಮಿಯ ಈ ಬದಿಗೂ ಆ ಬದಿಗೂ ಬೇರೆ ಬೇರೆ ಇರುವುದರಿಂದ. ಭೂಮಿಯ ಅಡ್ಡಳತೆ ಸುಮಾರು 12,700 ಕಿ.ಮೀ., ಮನುಷ್ಯನ ಎತ್ತರ ಎರಡು ಮೀಟರಿಗೂ ಕಡಿಮೆ. ಇಷ್ಟರಲ್ಲಿ ಸೆಳೆತದ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಊರಿನ ಕೆರೆಯಲ್ಲಿ ಹುಣ್ಣಿಮೆಯ ದಿನ ಉಬ್ಬರ ಕಂಡವರು ಯಾರಾದರೂ ಇದ್ದಾರೆಯೇ? ಕೆರೆಗೆ ಆಗದ್ದು ತಲೆಗೆ ಆಗದು.

ಹಾಗಾದರೆ ಜಪದಿಂದ ಏನೂ ಆಗದೇ ಎಂದರೆ, ಆಗುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಒಂದು ಅಧ್ಯಯನ ಪ್ರಕಟವಾಯಿತು. 23 ಮಂದಿ ಆರೋಗ್ಯವಂತ ವಯಸ್ಕರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಆರರ ಹತ್ತಿರಕ್ಕೆ ಇಳಿಯಿತು, ಹೃದಯದ ಬಡಿತದ ಲಯವೂ ಅದರೊಂದಿಗೆ ಹೊಂದಿಕೊಂಡಿತು. ಎರಡರಲ್ಲೂ ಚಂದ್ರನ ಹೆಸರಿಲ್ಲ ಎಂಬುದನ್ನು ನೆನಪಿಡಬೇಕು. ನಿಧಾನವಾಗಿ, ಅರ್ಥವನ್ನು ಮನಸ್ಸಿನಲ್ಲಿಟ್ಟು ಹತ್ತು ನಿಮಿಷ ಹೇಳಿದ ಮಂತ್ರ ಪುಸ್ತಕ ತೆರೆಯುವ ಮುನ್ನ ಒಳ್ಳೆಯದೇ. 108 ಮುಗಿಸಬೇಕೆಂದು ಗಡಿಬಿಡಿಯಲ್ಲಿ ಹೇಳಿದರೆ ಉಸಿರು ಇನ್ನೂ ಕಟ್ಟುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಬಿಟ್ಟಿದ್ದರೆ, ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದಿದ್ದರೆ, ಆಗ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಮುತ್ತಿನ ಉಂಗುರಕ್ಕೆ ಸಾಲ ಮಾಡಬೇಕಾಗಿಲ್ಲ.

ಮುತ್ತುಸ್ವಾಮಿ ದೀಕ್ಷಿತರು ನವಗ್ರಹಗಳ ಮೇಲೆ ಕೃತಿಗಳನ್ನು ರಚಿಸಿದಾಗ ಚಂದ್ರನ ಕೃತಿಯನ್ನು ಆಸಾವೇರಿ ರಾಗದಲ್ಲಿ ಮಾಡಿದರು. ಅದರ ಆರಂಭದಲ್ಲಿ ಅವರು ಕರೆಯುವುದು ಚಂದ್ರನನ್ನಲ್ಲ, ತಮ್ಮದೇ ಮನಸ್ಸನ್ನು.

ಚಂದ್ರನ ಸಂಬಂಧವಾಗಿ ನಮ್ಮ ನಾಡಿನ ಮಕ್ಕಳಿಗೆಲ್ಲ ಗೊತ್ತಿರುವ ಇನ್ನೊಂದು ಶ್ಲೋಕವಿದೆ. ಗಣೇಶ ಚೌತಿಯ ದಿನ ಅಪ್ಪಿತಪ್ಪಿ ಚಂದ್ರನನ್ನು ಕಂಡವರು, ಮಾಡದ ತಪ್ಪಿನ ಅಪವಾದ ಬರದಿರಲೆಂದು ಹೇಳಿಕೊಳ್ಳುವುದು. ಕೃಷ್ಣನಿಗೂ ಶಮಂತಕಮಣಿ ಕದ್ದ ಅಪವಾದ ಬಂತಲ್ಲ, ಅದರ ಕಥೆ. ಆ ಶ್ಲೋಕದಲ್ಲಿ ಚಂದ್ರನೂ ಇಲ್ಲ, ಗಣಪತಿಯೂ ಇಲ್ಲ, ಶಾಪ ಪರಿಹಾರದ ಬೇಡಿಕೆಯೂ ಇಲ್ಲ. ಮಣಿ ತೊಟ್ಟು ಬೇಟೆಗೆ ಹೋದ ಪ್ರಸೇನನನ್ನು ಸಿಂಹ ಕೊಂದಿತು, ಆ ಸಿಂಹವನ್ನು ಜಾಂಬವಂತ ಕೊಂದ. ಮಣಿ ಈಗ ನಿನ್ನದು, ಅಳಬೇಡ ಎಂದು ಒಂದು ಮಗುವಿಗೆ ಹೇಳುವ ಮಾತು ಅದು. ಜಾಂಬವಂತನ ಗುಹೆಯಲ್ಲಿ ಆತನ ಮಗ ಸುಕುಮಾರಕನನ್ನು ಆಡಿಸುತ್ತಾ ದಾದಿ ಹಾಡಿದ್ದು. ಮಣಿಯನ್ನು ಹುಡುಕುತ್ತಾ ಬಂದ ಕೃಷ್ಣನಿಗೆ ನಿಜ ಗೊತ್ತಾದದ್ದು ಆ ಹಾಡು ಕಿವಿಗೆ ಬಿದ್ದಾಗಲೇ.