ಮಗ ಹಟ್ಟಿಗೆ ಬರಲಿ



ಕಳೆದ ಮಳೆಗಾಲದ ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಚೊಚ್ಚಲ ಗಬ್ಬದ ಕಡಸು, ಸಂಜೆಯಿಂದ ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿದೆ ಎಂದರು ಆ ಮನೆಯ ಅಕ್ಕ. ನಾನು ತಲುಪುವಾಗ ಕರೆಂಟ್ ಹೋಗಿತ್ತು. ಹಟ್ಟಿಯ ಬಾಗಿಲಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಟಾರ್ಚ್ ಹಿಡಿದು ನಿಂತಿದ್ದ.

"ನೀನು ಒಳಗೆ ಹೋಗು ಮಗಾ, ನಾಳೆ ಪರೀಕ್ಷೆ ಉಂಟು. ಇದೆಲ್ಲ ಮಕ್ಕಳು ನೋಡುವಂಥದ್ದಲ್ಲ" ಎಂದರು ತಾಯಿ. ಬೆಳಕು ಹಿಡಿಯಲು ನನಗೆ ಜನ ಬೇಕಿತ್ತು. "ಇರಲಿ ಅಕ್ಕ, ಅವನೇ ಹಿಡಿಯಲಿ" ಎಂದೆ.

ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಕರುವನ್ನು ತುಸು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾಲನ್ನು ಸರಿಮಾಡಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಟಾರ್ಚಿನ ಬೆಳಕು ಅಲುಗಲಿಲ್ಲ. ಕರು ಹೊರಗೆ ಬಂದು ಒಂದು ಸಲ ಸೀನಿದ ಮೇಲೆಯೇ ಹುಡುಗ ಬಾಯಿ ತೆರೆದದ್ದು. "ಹೆಣ್ಣಾ, ಗಂಡಾ?" ಎಂದು ಕೇಳಿದ.

ಗಂಡು ಎಂದೆ. ತಾಯಿಯ ಮುಖ ಸಣ್ಣಗಾಯಿತು. ಹುಡುಗ ಅದನ್ನೂ ಗಮನಿಸಿದ. "ಇದನ್ನು ಎಂತ ಮಾಡುವುದು ಅಮ್ಮ?" ಎಂದ. ಅವರು ನನ್ನ ಕಡೆ ನೋಡಿ, ಆಮೇಲೆ ಕರುವಿನ ಕಡೆ ನೋಡಿ, "ಮತ್ತೆ ನೋಡುವ" ಎಂದರು.

ಜೆಪ್ಪುವಿನ ನನ್ನ ಮನೆಗೆ ಮರಳುವ ದಾರಿಯುದ್ದಕ್ಕೂ ಆ 'ಮತ್ತೆ ನೋಡುವ' ಎಂಬ ಮಾತೇ ಕಿವಿಯಲ್ಲಿತ್ತು. ಏಕೆಂದರೆ ಅಂಥದೇ ಒಂದು ಮಾತನ್ನು ನಾನೂ ಕೇಳಿ ಬೆಳೆದವನು.

ಜೆಪ್ಪು ಈಗ ಪೂರ್ತಿ ಪೇಟೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇಲ್ಲೇ, ನೇತ್ರಾವತಿಯ ದಡದಲ್ಲಿ. ನಾನು ಚಿಕ್ಕವನಿದ್ದಾಗ ಅಂಥ ಹಂಚಿನ ಮನೆಗಳ ಹಿತ್ತಿಲಲ್ಲಿ ಅಲ್ಲೊಂದು ಇಲ್ಲೊಂದು ಹಟ್ಟಿ ಉಳಿದಿತ್ತು. ನಮ್ಮ ಅಜ್ಜಿಗೂ ಎರಡು ದನಗಳಿದ್ದವು. ನಾನು ಹಟ್ಟಿಯ ಕಡೆ ಹೊರಟರೆ ಅಜ್ಜಿ, "ಸೆಗಣಿ ಮೆಟ್ಟಬೇಡ, ಹೋಗಿ ಓದು" ಎಂದು ಅಟ್ಟುತ್ತಿದ್ದರು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಒಂದು ಗಂಡು ಕರುವಿನ ಜೊತೆ ಮಾತ್ರ ಕದ್ದು ಮುಚ್ಚಿ ಆಡುತ್ತಿದ್ದೆ. ಒಂದು ದಿನ ಶಾಲೆಯಿಂದ ಬಂದಾಗ ಅದರ ಹಗ್ಗ ಮಾತ್ರ ಗೂಟದಲ್ಲಿತ್ತು. "ಹೊಳೆಯಾಚೆ ನೆಂಟರ ಮನೆಗೆ ಕೊಟ್ಟೆವು ಮಗಾ, ಅಲ್ಲಿ ಬೇಕಾದಷ್ಟು ಹುಲ್ಲು ಉಂಟು" ಎಂದರು ಅಜ್ಜಿ. ಬಸ್ಸು ನೇತ್ರಾವತಿ ಸೇತುವೆ ದಾಟುವಾಗೆಲ್ಲ ನಾನು ಕಿಟಕಿಯಿಂದ ಆಚೆ ದಡದಲ್ಲಿ ಆ ಬಿಳಿ ಬೊಟ್ಟನ್ನು ಹುಡುಕುತ್ತಿದ್ದೆ.

ಆ ನೆಂಟರ ಮನೆ ಇರಲೇ ಇಲ್ಲ ಎಂಬುದು ಹೊಳೆದದ್ದು ಪಶುವೈದ್ಯಕೀಯ ಓದಲು ಹೋದ ಮೇಲೆ. ಆ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದರು. ಅವರು ಸುಳ್ಳು ಹೇಳಿದ್ದು ಪ್ರೀತಿಯಿಂದ. ಅದಕ್ಕಾಗಿ ನನಗೆ ಸಿಟ್ಟಿಲ್ಲ. ಆದರೆ ಆ ದಿನ ಕರುವಿನ ಹಗ್ಗ ಬಿಚ್ಚಿ ಕೊಟ್ಟವರು ಅಜ್ಜಿಯೇ ಅಲ್ಲವೇ? ಆ ಸಂಕಟವನ್ನು ಅವರು ಒಬ್ಬರೇ ನುಂಗಿಕೊಂಡರು. ನಾನು ಅವರ ಜೊತೆ ಕೂತು ಅಳಲೂ ಇಲ್ಲ, ಯಾಕೆ ಕೊಟ್ಟಿರಿ ಎಂದು ಕೇಳಲೂ ಇಲ್ಲ. ಇವತ್ತಿಗೂ ನನಗೆ ಬೇಸರ ಇರುವುದು ಅದರ ಬಗ್ಗೆ.

ಕಾಲೇಜಿನ ಆ ದಿನಗಳಲ್ಲೇ ನಾನು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿ ಓದಿದೆ. ನಿಮ್ಮಲ್ಲಿ ಕೆಲವರು ಓದಿರಬಹುದು. ಕೋಟದಲ್ಲಿ ಹುಟ್ಟಿದ ಕಾರಂತರು ಅದೇ ಕಡಲ ತೀರದ ಒಂದು ಮನೆಯ ಮೂರು ತಲೆಮಾರಿನ ಕಥೆಯನ್ನು 1940ರ ದಶಕದ ಆರಂಭದಲ್ಲಿ ಬರೆದರು. ಈ ಒಕ್ಕೂಟದ ವ್ಯಾಪ್ತಿಯ ಊರುಗಳ ಕಥೆ ಅದು. ಓದುವಾಗ ಎಲ್ಲೋ ನೋಡಿದ ಮನೆ ಅನಿಸುತ್ತದೆ.

ಮನೆಯ ಯಜಮಾನ ರಾಮ ಐತಾಳರು, ಪೌರೋಹಿತ್ಯ ಮಾಡುವವರು. ಆದರೆ ಆ ಮನೆ ನಿಂತಿರುವುದು ಹೆಂಗಸರ ದುಡಿಮೆಯ ಮೇಲೆ. ಹೆಂಡತಿ ಪಾರೋತಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿರುವ ಸರಸೋತಿ, ಎರಡನೆಯ ಹೆಂಡತಿಯಾಗಿ ಬಂದ ಸತ್ಯಭಾಮೆ. ಗದ್ದೆ ಕೆಲಸವೂ ಅವರದೇ, ನೆರೆ ಬಂದಾಗ ನೀರಿನಲ್ಲಿ ತೇಲಿ ಬರುವ ಕಟ್ಟಿಗೆಯನ್ನು ಹಿಡಿದು ಒಟ್ಟುವುದೂ ಅವರೇ. ಸತ್ಯಭಾಮೆಗೆ ಹುಟ್ಟಿದ ಮಗ ಲಚ್ಚ. ಅವನು ಗದ್ದೆಗೆ ಇಳಿಯುವುದು ಬೇಡ, ಇಂಗ್ಲಿಷ್ ಓದಿ ದೊಡ್ಡ ಮನುಷ್ಯನಾಗಲಿ ಎಂದು ಪೇಟೆಗೆ ಕಳಿಸುತ್ತಾರೆ. ಅವನು ಓದುತ್ತಾನೆ, ದುಂದು ಕಲಿಯುತ್ತಾನೆ, ಕೆಟ್ಟ ಸಹವಾಸಕ್ಕೆ ಬೀಳುತ್ತಾನೆ, ಕೊನೆಗೆ ಹಿರಿಯರು ಕೂಡಿಸಿಟ್ಟ ಆಸ್ತಿಯನ್ನೆಲ್ಲ ಕಳೆಯುತ್ತಾನೆ.

ಕಷ್ಟಕ್ಕೆ ಬಿದ್ದವಳು ಅವನ ಹೆಂಡತಿ ನಾಗವೇಣಿ. ಅವರ ಮಗನಿಗೆ ತಾತನದೇ ಹೆಸರು, ರಾಮ. ಈ ಹುಡುಗನಿಗೆ ಮುಚ್ಚಿಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಅಪ್ಪ ಎಂಥವನು, ಅಮ್ಮ ಯಾಕೆ ಕಣ್ಣೀರು ಹಾಕುತ್ತಾಳೆ, ಮನೆಗೆ ಅಕ್ಕಿ ಹೇಗೆ ಬರುತ್ತದೆ ಎಲ್ಲವನ್ನೂ ಅವನು ಕಣ್ಣಾರೆ ಕಂಡೇ ಬೆಳೆಯುತ್ತಾನೆ. ಅವನೂ ಮದರಾಸಿಗೆ ಓದಲು ಹೋಗುತ್ತಾನೆ, ಸ್ವಾತಂತ್ರ್ಯ ಚಳವಳಿಗೆ ಸೇರುತ್ತಾನೆ, ಕೆಲಸಕ್ಕಾಗಿ ಮುಂಬಯಿಯಲ್ಲಿ ಅಲೆಯುತ್ತಾನೆ. ಕೊನೆಗೆ ತಾಯಿ ಇರುವ ಮಣ್ಣಿಗೆ ಮರಳುತ್ತಾನೆ.

ಆ ಪುಸ್ತಕದಲ್ಲಿ ದೊಡ್ಡ ವಿಷಯಗಳು ಬಹಳ ಇವೆ. ನನಗೆ ಅಂಟಿಕೊಂಡದ್ದು ಒಂದೇ ಪ್ರಶ್ನೆ. ಒಂದೇ ಮನೆ, ಒಂದೇ ಮಣ್ಣು, ಇಬ್ಬರೂ ಓದಿದವರು. ಹಾಗಿದ್ದರೂ ಲಚ್ಚ ಯಾಕೆ ಹಾಗಾದ, ರಾಮ ಯಾಕೆ ಹೀಗಾದ? ಓದಿದ್ದರಿಂದ ಲಚ್ಚ ಕೆಟ್ಟನೆಂದು ನಾನು ಹೇಳುವುದಿಲ್ಲ. ಅನ್ನದ ಹಿಂದೆ ಯಾರ ಬೆನ್ನು ಬಾಗಿದೆ ಎಂಬುದು ಅವನಿಗೆ ತಿಳಿಯದಂತೆ ಮನೆಯವರೇ ಸಾಕಿದರು. ರಾಮನಿಗೆ ಅದು ಎಳವೆಯಲ್ಲೇ ತಿಳಿಯಿತು. ತಿಳಿದಾಗ ನೋವಾಯಿತು, ಆ ನೋವೇ ಅವನನ್ನು ಮನುಷ್ಯನನ್ನಾಗಿ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಹಟ್ಟಿಗೆ ಬರುತ್ತೇನೆ. ನಾನು ಹೋಗುವ ಹತ್ತು ಮನೆಗಳಲ್ಲಿ ಹೆಚ್ಚಿನ ಕಡೆ ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವವರು ನೀವು. ಮಗಳು ಬಂದು ಸೆಗಣಿ ಬಾಚುತ್ತಾಳೆ, ಕರುವಿಗೆ ಹಾಲು ಕುಡಿಸುತ್ತಾಳೆ. ಮಗ ಮಾತ್ರ ಮಲಗಿರುತ್ತಾನೆ, ಇಲ್ಲವೇ ಮೊಬೈಲ್ ಹಿಡಿದಿರುತ್ತಾನೆ. ಕೇಳಿದರೆ, "ಅವನು ಓದಲಿ ಡಾಕ್ಟ್ರೇ, ನಮ್ಮ ಹಾಗೆ ಆಗುವುದು ಬೇಡ" ಎನ್ನುತ್ತೀರಿ.

ನಿಮ್ಮ ಮಾತಿನಲ್ಲಿ ಸತ್ಯ ಇದೆ. ಮಕ್ಕಳ ಓದು ಕೆಡಬಾರದು. ಹಟ್ಟಿಯ ಕೆಲಸಕ್ಕಾಗಿ ಒಂದು ದಿನವೂ ಶಾಲೆ ತಪ್ಪಿಸಬಾರದು. ಮಗ ಇಂಜಿನಿಯರ್ ಆಗಲಿ, ಗಲ್ಫಿಗೆ ಹೋಗಲಿ, ಹೈನುಗಾರಿಕೆಯೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವನನ್ನು ಓದಿಸುವ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅವನಿಗೆ ತೋರಿಸದೆ ಬೆಳೆಸುವುದರಿಂದ ನಾಳೆ ತೊಂದರೆ ಆಗುವುದು ನಿಮಗೂ, ಅವನನ್ನು ಮದುವೆಯಾಗುವ ಹುಡುಗಿಗೂ.

ಹಾಗಾದರೆ ಏನು ತೋರಿಸಬೇಕು? ಮೊದಲು ಪಾಸ್‌ಬುಕ್ ತೋರಿಸಿ. ಪಾರೋತಿಗೂ ಸರಸೋತಿಗೂ ಅವರ ಹೆಸರಿನಲ್ಲಿ ದುಡ್ಡು ಬೀಳುವ ಲೆಕ್ಕ ಇರಲಿಲ್ಲ. ನಿಮಗೆ ಸಂಘದ ಸದಸ್ಯತ್ವ ಇದೆ, ಹಾಲಿನ ಹಣ ನಿಮ್ಮ ಖಾತೆಗೆ ಬರುತ್ತದೆ. ಮಗನನ್ನು ಕೂರಿಸಿ ಲೆಕ್ಕ ಮಾಡಿಸಿ. ದನದ ಶರೀರಕ್ಕೆಂದು ಸುಮಾರು 2 ಕೆ.ಜಿ. ಹಿಂಡಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. ಅಂದರೆ 10 ಲೀಟರ್ ಕೊಡುವ ದನಕ್ಕೆ ದಿನಕ್ಕೆ 6 ಕೆ.ಜಿ. ಹಿಂಡಿ ಬೇಕು. ಹುಲ್ಲು, ಖನಿಜ ಮಿಶ್ರಣ, ಮದ್ದು, ವಿಮೆ ಎಲ್ಲ ಕಳೆದ ಮೇಲೆ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಅವನೇ ಬರೆಯಲಿ. ಅದರ ಕೆಳಗೆ ಅವನ ಮೊಬೈಲಿನ ರೀಚಾರ್ಜ್ ಎಷ್ಟು ಎಂದೂ ಬರೆಯಲಿ.

ಎರಡನೆಯದು ನೀರು. ಹಾಲು ಕೊಡುವ ದನಕ್ಕೆ ನಮ್ಮ ಸೆಕೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ರಜೆಯ ಒಂದು ದಿನ ಅಷ್ಟನ್ನೂ ಅವನೇ ಹೊತ್ತು ತಂದು ಹಾಕಲಿ. ಹತ್ತು ಸಲ ಬುದ್ಧಿ ಹೇಳುವುದಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಮೂರನೆಯದು ಕರು ಹಾಕುವುದು. ಹತ್ತು ಹನ್ನೆರಡು ದಾಟಿದ ಮಗ ನೋಡಬೇಕೆಂದರೆ ನೋಡಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಒಂದು ಜೀವ ಇನ್ನೊಂದು ಜೀವವನ್ನು ಹೊರಗೆ ತರಲು ಎಷ್ಟು ಕಷ್ಟಪಡುತ್ತದೆ ಎಂದು ಒಮ್ಮೆ ಕಂಡ ಹುಡುಗ, ಹೆಣ್ಣಿನ ದೇಹದ ಬಗ್ಗೆ ಹಗುರವಾಗಿ ಮಾತಾಡುವ ಮೊದಲು ಎರಡು ಸಲ ಯೋಚಿಸುತ್ತಾನೆ ಎಂದು ನಾನು ನಂಬಿದ್ದೇನೆ.

ಆದರೆ ಒಂದು ಎಚ್ಚರ ಬೇಕು. ನೋಡುವುದು ಬೇರೆ, ಮುಟ್ಟುವುದು ಬೇರೆ. ಕಂದು ಹಾಕಿದ ದನದ ಮಾಸು, ರಕ್ತ, ಸತ್ತ ಕರು ಇವನ್ನು ಮಕ್ಕಳು ಮುಟ್ಟಲೇಬಾರದು. ನೀವೂ ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲೋಸಿಸ್ ಎಂಬ ಕಂದು ರೋಗ ಹೀಗೆಯೇ ಮನುಷ್ಯರಿಗೆ ಬರುತ್ತದೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಅದರ ಲಸಿಕೆ ಹಾಕಿಸಿ. ದನ ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ಕೂಗುತ್ತಿದ್ದರೆ ಹುಚ್ಚು ರೋಗದ ಸಂಶಯ ಇರುತ್ತದೆ. ಆಗ ಬಾಯಿಗೆ ಕೈ ಹಾಕಬೇಡಿ, ಮಕ್ಕಳನ್ನು ಹಟ್ಟಿಯಿಂದ ದೂರ ಇಟ್ಟು ನಮಗೆ ತಿಳಿಸಿ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಗಂಡು ಕರುವಿನ ವಿಷಯ. ಉಳುವುದಕ್ಕೆ ಟಿಲ್ಲರ್ ಬಂದಿದೆ, ಗಂಡು ಕರುವಿಗೆ ಕೆಲಸವಿಲ್ಲ. ಸಾಕಲು ಖರ್ಚು, ಕೊಡಲು ಜಾಗವಿಲ್ಲ. ಇದು ನಿಮ್ಮ ತಪ್ಪಲ್ಲ, ದನದ ತಪ್ಪೂ ಅಲ್ಲ. ಕರು ಗಂಡೋ ಹೆಣ್ಣೋ ಎಂದು ನಿರ್ಧಾರವಾಗುವುದು ಹೋರಿಯ ವೀರ್ಯದಿಂದ. ಹೆಂಗಸರ ವಿಷಯದಲ್ಲೂ ಹಾಗೆಯೇ, ಇದನ್ನು ಮಗನಿಗೂ ಅವನ ಅಪ್ಪನಿಗೂ ಹೇಳಿ. ಹೆಣ್ಣು ಕರು ಹುಟ್ಟುವಂತೆ ವಿಂಗಡಿಸಿದ ವೀರ್ಯ, ಅಂದರೆ ಸೆಕ್ಸ್ಡ್ ಸೆಮೆನ್ ಬಳಸಿದರೆ ಹುಟ್ಟುವ 100 ಕರುಗಳಲ್ಲಿ ಸುಮಾರು 90 ಹೆಣ್ಣಾಗಿರುತ್ತವೆ. ಗಬ್ಬ ನಿಲ್ಲುವ ಪ್ರಮಾಣ ಮಾತ್ರ ಸಾಮಾನ್ಯ ವೀರ್ಯಕ್ಕಿಂತ ತುಸು ಕಡಿಮೆ. ಚೆನ್ನಾಗಿ ಬೆಳೆದ, ಸರಿಯಾಗಿ ಬೆದೆಗೆ ಬರುವ ಕಡಸಿಗೆ ಇದು ಒಳ್ಳೆಯ ದಾರಿ.

ಹೀಗಿದ್ದೂ ಗಂಡು ಕರು ಹುಟ್ಟಿದರೆ ಎರಡು ಕೆಲಸ ಮಾಡಿ. ಒಂದು, ಹೆಣ್ಣು ಕರುವಿಗೆ ಕೊಡುವಂತೆಯೇ ಅದಕ್ಕೂ ಗಿಣ್ಣು ಹಾಲು ಕೊಡಿ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಸಲ, ಆಮೇಲೆ ಮೂರು ನಾಲ್ಕು ಸಲವಾಗಿ, ಮೊದಲ ದಿನದಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಭಾಗ. 25 ಕೆ.ಜಿ.ಯ ಕರುವಿಗೆ ಎರಡೂವರೆ ಲೀಟರ್. ಬೇಡದ ಕರು ತಾನಾಗಿ ಸಾಯಲಿ ಎಂದು ಹಾಲು ತಪ್ಪಿಸುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮಗನೂ ಅದನ್ನು ಕಾಣುತ್ತಾನೆ. ಉಪಯೋಗಕ್ಕೆ ಬಾರದ ಜೀವಕ್ಕೆ ಅನ್ನ ಬೇಡ ಎಂಬ ಪಾಠವನ್ನು ಅವನು ಹಟ್ಟಿಯಲ್ಲಿ ಕಲಿತರೆ, ನಮಗೆ ವಯಸ್ಸಾದಾಗ ಅದು ಅವನಿಗೆ ನೆನಪಿರುತ್ತದೆ.

ಎರಡು, ನಿಜ ಹೇಳಿ. "ಹೊಳೆಯಾಚೆ ನೆಂಟರ ಮನೆ" ಬೇಡ. ಇಷ್ಟು ತಿಂಗಳು ಸಾಕುತ್ತೇವೆ, ಆಮೇಲೆ ನಮ್ಮ ಕೈಯಲ್ಲಿ ಆಗುವುದಿಲ್ಲ, ನನಗೂ ಬೇಸರ ಆಗುತ್ತದೆ ಎಂದು ಹೇಳಿ. ಅವನು ಅಳಬಹುದು. ನಾಲ್ಕು ದಿನ ನಿಮ್ಮ ಜೊತೆ ಮಾತು ಬಿಡಬಹುದು. ಆದರೆ ಅವನ ತಾಯಿ ಎಂಥ ಕಷ್ಟದ ನಿರ್ಧಾರಗಳನ್ನು ತೆಗೆದುಕೊಂಡು ಮನೆ ನಡೆಸುತ್ತಾಳೆ ಎಂದು ಅವನಿಗೆ ಗೊತ್ತಾಗುತ್ತದೆ. ಪುಣ್ಯಕೋಟಿಯ ಹಾಡನ್ನು ನಾವು ಮಕ್ಕಳಿಗೆ ಕಲಿಸುವುದೇ ನಿಜ ಹೇಳಬೇಕೆಂದು. ಹಟ್ಟಿಯಲ್ಲೇ ಸುಳ್ಳು ಹೇಳಿದರೆ ಆ ಹಾಡಿಗೆ ಬೆಲೆ ಎಲ್ಲಿ?

ಮೊದಲು ಹೇಳಿದ ಆ ಮನೆಗೆ ಎರಡು ತಿಂಗಳ ನಂತರ ಮತ್ತೆ ಹೋಗಿದ್ದೆ. ಹುಡುಗ ಬಕೆಟ್ ಹಿಡಿದು ಆ ಕರುವಿಗೆ ಹಾಲು ಕುಡಿಸುತ್ತಿದ್ದ. ನನ್ನನ್ನು ಕಂಡು ಒಳಗೆ ಓಡಿ ಒಂದು ನೋಟ್‌ಬುಕ್ ತಂದ. ಹಾಲು, ಹಿಂಡಿ, ಹುಲ್ಲು, ಎಲ್ಲದರ ಲೆಕ್ಕ ಪೆನ್ಸಿಲಿನಲ್ಲಿ ಬರೆದಿದ್ದ. ಕೊನೆಯ ಸಾಲಿನಲ್ಲಿ ಈ ಕರುವನ್ನು ಎಷ್ಟು ತಿಂಗಳು ಇಟ್ಟುಕೊಳ್ಳಬಹುದು ಎಂಬ ಲೆಕ್ಕ ಇತ್ತು. "ಅಮ್ಮ ಹೇಳಿದ್ದಾರೆ, ಮಾರ್ಚ್‌ವರೆಗೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಹೆಣ್ಣು ಕರು ಆಗುವ ಕಡ್ಡಿಯೇ ಹಾಕಿ ಡಾಕ್ಟ್ರೇ" ಎಂದ.

ಅವನ ಮುಖದಲ್ಲಿ ಆ ರಾತ್ರಿಯ ಹುಡುಗ ಇರಲಿಲ್ಲ. ನನಗೆ ಒಮ್ಮೆ ಸಂಕಟವೇ ಆಯಿತು. ಅಷ್ಟರಲ್ಲಿ ಅವನ ತಾಯಿ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದರು. ಅವನು ನೋಟ್‌ಬುಕ್ ಕೆಳಗಿಟ್ಟು, ಯಾರೂ ಹೇಳದೆ, ಎದ್ದು ಹೋಗಿ ಕೊಡಕ್ಕೆ ಕೈ ಕೊಟ್ಟ.