ಸರ್ಟಿಫಿಕೇಟಿನ ಬದನೆಕಾಯಿ

ರಾತ್ರಿ ಎರಡು ಗಂಟೆಗೆ ಫೋನು. ನಮ್ಮ ಟೀಮಿಗೆ ಆಗಷ್ಟೇ ಸೇರಿದ್ದ ಹುಡುಗನದು. "ಸರ್, ಸರ್ವರ್ ಡಿಸ್ಕ್ ಫುಲ್ ಆಗಿದೆ. ಅಷ್ಟು ದೊಡ್ಡ ಲಾಗ್ ಫೈಲನ್ನೇ ಡಿಲೀಟ್ ಮಾಡಿದೆ, ಆದ್ರೂ ಜಾಗ ಖಾಲಿ ಆಗ್ತಿಲ್ಲ!" ಅಳೋದೊಂದು ಬಾಕಿ.

ಲಿನಕ್ಸ್ ಗೊತ್ತಿರುವವರು ಇಷ್ಟು ಹೊತ್ತಿಗೆ ನಕ್ಕಿರುತ್ತೀರಿ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಲಿನಕ್ಸಿನಲ್ಲಿ ಫೈಲ್ ಅಳಿಸಿದಾಗ ಹೋಗುವುದು ಅದರ ಹೆಸರು. ಯಾವುದಾದರೂ ಪ್ರೋಗ್ರಾಮ್ ಅದನ್ನು ತೆರೆದಿಟ್ಟುಕೊಂಡಿದ್ದರೆ, ಅದು ಕೈಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಯಾವ ಪ್ರೋಗ್ರಾಮ್ ಹಿಡಿದುಕೊಂಡಿದೆ ಅಂತ ಎಲ್‌ಎಸ್‌ಓಎಫ್ ಅನ್ನೋ ಕಮಾಂಡ್ ತೋರಿಸುತ್ತದೆ. ಆ ಸರ್ವಿಸನ್ನು ರೀಸ್ಟಾರ್ಟ್ ಮಾಡಿಸಿದೆ. ಐದು ನಿಮಿಷದ ಕೆಲಸ.

ಹುಡುಗ ದಡ್ಡನಲ್ಲ. ಅಪ್ಪ ಸಾಲ ಮಾಡಿ ಕೊಟ್ಟ ದುಡ್ಡಲ್ಲಿ ಕೋಚಿಂಗ್ ಸೇರಿ, ಸಿಸ್ಟಮ್ ಅಡ್ಮಿನ್ ಸರ್ಟಿಫಿಕೇಟ್ ತಗೊಂಡವನು. ಡಿಸ್ಕಿನ ಲೆಕ್ಕ ಹೇಳುವ ಡಿಎಫ್, ಡಿಯು ಕಮಾಂಡುಗಳ ಒಂದೊಂದು ಆಪ್ಷನ್ನೂ ಬಾಯಿಪಾಠ. ಆದರೆ ಇವೆರಡರ ಲೆಕ್ಕ ಒಮ್ಮೊಮ್ಮೆ ಯಾಕೆ ತಾಳೆಯಾಗಲ್ಲ ಅಂತ ಅವನನ್ನು ಯಾವ ಪರೀಕ್ಷೆಯೂ ಕೇಳಿರಲಿಲ್ಲ. ಪ್ರೊಬೇಷನ್ ಮುಗಿಯುವ ಹೊತ್ತಿಗೆ ಕಂಪನಿಯವರು ಅವನನ್ನು ಮನೆಗೆ ಕಳಿಸಿದರು. ಸಿಲಬಸ್ ಮಾಡಿದವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನನ್ನ ಸಿಟ್ಟು ಶುರುವಾಗಿದ್ದು ಅಲ್ಲಿಂದ.

ಉದಾಹರಣೆಗೆ ಎಲ್‌ಪಿಐ ಸಂಸ್ಥೆಯ ಎಲ್‌ಪಿಐಸಿ-1 ಪರೀಕ್ಷೆ ನೋಡಿ. (ಅವನು ಬರೆದದ್ದು ಬೇರೆ. ಆದರೆ ಇವರು ತಮ್ಮ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ, ಮೆಚ್ಚಬೇಕಾದ್ದೇ.) ಎರಡು ಪೇಪರು, ಒಂದೊಂದಕ್ಕೂ 90 ನಿಮಿಷ, 60 ಪ್ರಶ್ನೆ. ಉತ್ತರ ಆರಿಸೋದು, ಇಲ್ಲಾ ಬಿಟ್ಟ ಸ್ಥಳ ತುಂಬೋದು. ಪ್ರತಿ ವಿಷಯಕ್ಕೂ ಇಂತಿಷ್ಟು ಅಂತ ತೂಕ. 5.0 ಆವೃತ್ತಿಯಲ್ಲಿ ಫೈಲ್‌ಸಿಸ್ಟಮ್ ಕಾಪಾಡೋದು, ಡಿಸ್ಕ್ ಜಾಗ ನೋಡಿಕೊಳ್ಳೋದು, ಇಷ್ಟೂ ಸೇರಿ ತೂಕ 2. ಪ್ರಿಂಟರ್ ನೋಡಿಕೊಳ್ಳೋದಕ್ಕೆ? ಅದಕ್ಕೂ 2! ಸ್ವಾಮೀ, ನಾನು ಸರ್ವರಿಗೆ ಪ್ರಿಂಟರ್ ಜೋಡಿಸಿದ್ದು ಇವತ್ತಿನ ತನಕ ಒಂದು ಸಲವೂ ಇಲ್ಲ. ಡಿಸ್ಕ್ ತುಂಬಿದ್ದು ಎಷ್ಟು ಸಲವೋ, ಲೆಕ್ಕ ಇಟ್ಟಿಲ್ಲ.

ಬದಲಾಯಿಸೋಕೆ ಆಗಲ್ಲ ಅಂತೇನಿಲ್ಲ. 4.0ರಲ್ಲಿದ್ದ ಎಸ್‌ಕ್ಯೂಎಲ್ ಪಾಠವನ್ನು 5.0ರಲ್ಲಿ ಕೈಬಿಟ್ಟರು, ಒಳ್ಳೇದಾಯ್ತು. ಆದರೆ ಐಎಫ್‌ಕಾನ್ಫಿಗ್, ನೆಟ್‌ಸ್ಟಾಟ್ ಅನ್ನೋ ಹಳೇ ಕಮಾಂಡುಗಳು ಪಟ್ಟಿಯಲ್ಲಿ ಉಳಿದುಕೊಂಡವು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಡೆಬಿಯನ್ನಿನಲ್ಲಿ ಇವು ತಾವಾಗಿ ಬರೋದು 2017ರ 9ನೇ ಆವೃತ್ತಿಯಿಂದಲೇ ನಿಂತಿದೆ.

"ಹೆಚ್ಚು ಜನ ಏನು ಬಳಸ್ತಾರೋ ಅದನ್ನೇ ಕೇಳೋದು ನ್ಯಾಯ ಅಲ್ವಾ?" ಅಂತ ಗೆಳೆಯರೊಬ್ಬರು ವಾದಿಸಿದರು. ಅಲ್ಲ. ಆ ಲೆಕ್ಕದಲ್ಲಿ ಓಟು ಹಾಕಿಸಿದರೆ ಮೊದಲು ಔಟಾಗೋದು ವಿಐ ಎಡಿಟರ್. ನ್ಯಾನೋ ಸುಲಭ ನೋಡಿ! ಆದರೂ ನಾನು ವಿಐ ಇರಲಿ ಅಂತೀನಿ. ಅದರ ಮೇಲೆ ಪ್ರೀತಿ ಇದೆ ಅಂತಲ್ಲ. ಹೊರಗೆ ಬರೋದು ಹೇಗೆಂದು ತಿಳಿಯದೆ ಕಾಲೇಜ್ ಲ್ಯಾಬಿನಲ್ಲಿ ಮಷೀನನ್ನೇ ಆಫ್ ಮಾಡಿದವನು ನಾನು. ಆದರೆ ವಿಐ ಪೋಸಿಕ್ಸ್ ಸ್ಟ್ಯಾಂಡರ್ಡಿನಲ್ಲಿದೆ, ನ್ಯಾನೋ ಇಲ್ಲ. ಗೊತ್ತಿಲ್ಲದ ಮಷೀನಿನಲ್ಲಿ ಕೈಗೆ ಸಿಗೋ ಸಾಧ್ಯತೆ ಅದಕ್ಕೇ ಹೆಚ್ಚು.

ಪಟ್ಟಿಗೆ ಸೇರುವ ಪ್ರತಿ ಟೂಲಿಗೂ ನನ್ನದು ಎರಡೇ ಪ್ರಶ್ನೆ. ಗುರುತಿಲ್ಲದ ಮಷೀನಿನಲ್ಲೂ ಇದು ಸಿಗುತ್ತಾ? ಇದು ಗೊತ್ತಿಲ್ಲದಿದ್ದರೆ ಕೆಟ್ಟ ರಾತ್ರಿಯಲ್ಲಿ ಕೈಕಟ್ಟಿ ಕೂರಬೇಕಾಗುತ್ತಾ? ಎಲ್‌ಎಸ್‌ಓಎಫ್ ಎಲ್ಲ ಕಡೆ ಇರಲ್ಲ ಅಂತ ನೀವು ನನ್ನನ್ನೇ ಹಿಡಿಯಬಹುದು. ನಿಜ. ಆಗ ಪ್ರೊಕ್ ಡೈರೆಕ್ಟರಿಯೊಳಗೆ ಹುಡುಕಿದರೂ ಅದೇ ಉತ್ತರ ಸಿಗುತ್ತೆ. ಒಳಗಿನ ವಿಷಯ ಗೊತ್ತಿದ್ದವನಿಗೆ ಟೂಲ್ ಬದಲಾದರೆ ನಷ್ಟವಿಲ್ಲ. ಪಟ್ಟಿ ಮಾಡಬೇಕಾದ್ದು ಆ ವಿಷಯಗಳನ್ನು, ಟೂಲು ಅದರ ಹಿಂದೆ ಬರಲಿ.

ಇನ್ನು ಟಿಕ್ ಹಾಕಿಸಿದರೆ ಯಾವ ಪಟ್ಟಿಯೂ ಬಾಯಿಪಾಠವೇ. ರೆಡ್ ಹ್ಯಾಟಿನವರು ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ನಿಜವಾದ ಸಿಸ್ಟಮ್ ಕೊಟ್ಟು ಕೆಲಸ ಮಾಡಿಸುತ್ತಾರೆ. ಇಂಟರ್ನೆಟ್ ಇಲ್ಲ, ಆದರೆ ಮ್ಯಾನ್ ಪೇಜ್ ನೋಡಬಹುದು. ಅವರ ಕೊರತೆ ಅಂದರೆ ಪರೀಕ್ಷೆಯೆಲ್ಲ ಅವರದೇ ಲಿನಕ್ಸಿನ ಮೇಲೆ. ಎಲ್‌ಪಿಐನವರ ಹಾಗೆ ಎಲ್ಲ ಲಿನಕ್ಸಿಗೂ ಸಲ್ಲುವ ಪಟ್ಟಿ, ಇವರ ಹಾಗೆ ಮಾಡಿ ತೋರಿಸುವ ಪರೀಕ್ಷೆ, ಎರಡೂ ಒಂದಾಗಲಿ. "ಖರ್ಚು ಜಾಸ್ತಿ" ಅನ್ನುವವರಿಗೆ ಒಂದು ಮಾತು: ಪಾಸಾದ ಹುಡುಗನ ಕೆಲಸ ಹೋದರೆ ಅವನಪ್ಪನ ಸಾಲ ಯಾರ ಲೆಕ್ಕಕ್ಕೆ? ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬರಲ್ಲ ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು.

ಮೊನ್ನೆ ಆ ಹುಡುಗ ಫೋನ್ ಮಾಡಿದ್ದ. ಇನ್ನೊಂದು ಸರ್ಟಿಫಿಕೇಟಿಗೆ ಓದ್ತಿದಾನಂತೆ. "ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಬೇಕಂತಲೇ ಕೆಡಿಸಿ, ನೀನೇ ರಿಪೇರಿ ಮಾಡು ಮಾರಾಯ" ಅಂದೆ.

"ಅದು ಸಿಲಬಸ್ಸಿನಲ್ಲಿ ಇದೆಯಾ ಸರ್?" ಅಂದ.

ಏನು ಹೇಳಲಿ, ನೀವೇ ಹೇಳಿ.